ಮಸ್ಕಾರ್ಪೋನೆಯ ಕುಲಗೋತ್ರ

ಹೆಸರಿನ ಮೂಲ ಅರಿಯದೆ ಯಾವ ವಸ್ತುವನ್ನೂ ಪೂರ್ತಿ ಬಲ್ಲೆವೆಂದು ಹೇಳಲಾಗದು. ಆದರೂ ನಾನು ವರ್ಷಗಟ್ಟಲೆ ಏನೂ ವಿಚಾರಿಸದೆ ಚೀಸು ತಿಂದುಕೊಂಡು ಬಂದಿದ್ದೇನೆ, ಆರೋಗ್ಯವಾಗಿಯೂ ಇದ್ದೇನೆ.

ವಿಚಾರಿಸಬೇಕಾಗಿ ಬಂದದ್ದು ಹೋದ ಬೇಸಿಗೆಯಲ್ಲಿ, ಮೈಸೂರಿನಿಂದ ನಮ್ಮತ್ತೆ ಅಮೆರಿಕದ ಮನ್ರೋ ಊರಿನ ನಮ್ಮ ಮನೆಗೆ ಬಂದಿದ್ದಾಗ. ಮಗಳು ಅಜ್ಜಿಗೆಂದೇ ಮೊದಲ ಸಲ ಟಿರಾಮಿಸು ಎಂಬ ಇಟಲಿಯ ಸಿಹಿ ಮಾಡಿದ್ದಳು. ಮೊಟ್ಟೆ ಇಲ್ಲ, ಮದ್ಯ ಇಲ್ಲ. ಫಿಲ್ಟರ್ ಡಿಕಾಕ್ಷನ್ನಿನಲ್ಲಿ ಅದ್ದಿದ ರಸ್ಕು, ಅದರ ಮೇಲೆ ದಪ್ಪಗೆ ಮಸ್ಕಾರ್ಪೋನೆ. ಅತ್ತೆ ಚಮಚ ಎತ್ತಿದವರು, "ಈ ಬೆಳ್ಳಗಿರೋದು ಏನೇ ಪುಟ್ಟಿ?" ಎಂದರು.

"ಇಟ್ಸ್ ಜಸ್ಟ್ ಚೀಸ್, ಅಜ್ಜಿ."

ಚಮಚ ಕೆಳಗಿಳಿಯಿತು. ಚೀಸು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯದೇನೋ ಹಾಕುತ್ತಾರೆಂದು ಇಲ್ಲಿಯ ಬೆಲ್‌ರೋಸ್ ಊರಿನ ನೆಂಟರ ಮನೆಯಲ್ಲಿ ಅವರ ಕಿವಿಗೆ ಬಿದ್ದಿತ್ತು.

"ಕುಲಗೋತ್ರ ಗೊತ್ತಿಲ್ದೇ ಇರೋದನ್ನ ನಾನು ಬಾಯಿಗಿಡಲ್ಲ, ಅಳಿಯಂದ್ರೇ."

ಮಗಳ ಮುಖ ಬಾಡಿತು. ಹೆಂಡತಿ ನನ್ನ ಕಡೆ ನೋಡಿದಳು. ಮದುವೆಯಾದವರಿಗೆ ಆ ನೋಟವನ್ನು ವಿವರಿಸಬೇಕಿಲ್ಲ.

ಫೋನು ಹಿಡಿದು ಎದ್ದು ನಿಂತೆ. ಪ್ರವರವನ್ನು ಕೂತು ಒಪ್ಪಿಸುವುದು ಸಭ್ಯತೆಯಲ್ಲ.

"ಉತ್ತರ ಇಟಲಿಯ ಲೊಂಬಾರ್ಡಿ ಸೀಮೇದು ಅತ್ತೆ. ಸ್ಪೇನಿನವರು ಅಲ್ಲಿ ಆಳ್ತಿದ್ದಾಗ ಒಬ್ಬ ಅಧಿಕಾರಿ ತಿಂದು, ಅವರ ಭಾಷೇಲಿ 'ಮಾಸ್ ಕೆ ಬ್ವೇನೊ', ಅಂದ್ರೆ ಒಳ್ಳೇದಕ್ಕಿಂತಲೂ ಒಳ್ಳೇದು ಅಂದನಂತೆ. ಅದೇ ಹೆಸರಾಯ್ತಂತೆ."

"ಮಾರೋರು ಕಟ್ಟಿರೋ ಕಥೆ. ಮುಂದೆ?"

ವಿದ್ವಾಂಸರ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ ಆಗಿತ್ತು.

"ಚೀಸು ಮಾಡಿ ಉಳಿದ ತಿಳಿನೀರನ್ನ ಕಾಯಿಸಿದ್ರೆ ಒಂದು ಮೆತ್ತನೆ ಗಿಣ್ಣಿನಂಥದ್ದು ಬರುತ್ತೆ. ಅದಕ್ಕೆ ಅಲ್ಲಿನ ಆಡುಮಾತಲ್ಲಿ ಮಸ್ಕಾರ್ಪಾ ಅಂತಾರೆ. ಇದರ ಹೆಸರು ಅದರಿಂದ ಬಂದಿರಬೇಕು ಅಂತಾರೆ."

"ಹೆಸರು ಸರಿ. ಇದೂ ಆ ನೀರಿಂದಲೇನಾ?"

"ಇಲ್ಲ, ಇದು ಕೆನೆಯಿಂದ. ಬಿಸಿ ಮಾಡಿ, ಹುಳಿ ಹಾಕಿ, ಬಟ್ಟೇಲಿ ಸೋಸ್ತಾರೆ."

"ಏನು ಹುಳಿ?"

ಖಾಲಿ ಡಬ್ಬಿ ತಿರುಗಿಸಿ ಓದಿದೆ. "ಸಿಟ್ರಿಕ್ ಆಸಿಡ್. ನಿಂಬೆಹಣ್ಣಲ್ಲಿ ಇರುತ್ತಲ್ಲ, ಆ ಹುಳಿ."

"ಕರು?"

"ಕರು ಇದರ ಹತ್ತಿರಕ್ಕೂ ಬಂದಿಲ್ಲ, ಅತ್ತೆ."

"ಮತ್ತೆ ಚೀಸು ಚೀಸು ಅಂತ ಯಾಕೆ ಹೆದರಿಸ್ತೀರಿ? ಹುಳಿ ಹಿಂಡಿದ ಕೆನೆ ಅನ್ನಬಾರದಾ!"

ಅತ್ತೆ ಒಂದು ಚಮಚ ಬಾಯಿಗಿಟ್ಟರು. ಮಗಳು ಅವರ ಮುಖವನ್ನೇ ನೋಡುತ್ತ ನಿಂತಿದ್ದಳು. ಲೊಂಬಾರ್ಡಿಯ ಆ ಅಧಿಕಾರಿಯ ಮುಂದೆಯೂ ಯಾರೂ ಹೀಗೆ ಕಾದಿರಲಾರರು.

"ಡಿಕಾಕ್ಷನ್ ಇನ್ನೊಂಚೂರು ಗಟ್ಟಿ ಇರಬೇಕಿತ್ತು ಪುಟ್ಟಿ," ಎಂದರು.

ಅತ್ತೆ ಎರಡು ಸಲ ಹಾಕಿಸಿಕೊಂಡರು.