ಪಕ್ಕದ ಮನೆಯ ಡೋರ್‌ಬೆಲ್

ನೇಪರ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ಚಿದಂಬರ ಕಾಲಿಗೆ ಚಕ್ರ ಕಟ್ಟಿಕೊಂಡು ಸೋಲಾರ್ ಪ್ಯಾನೆಲ್ ಮಾರುವವನು. ಗೃಹಪ್ರವೇಶಕ್ಕೆ ಕರೆದರೂ ಮೊದಲು ಚಾವಣಿ ನೋಡಿ, ಆಮೇಲೆ ಯಜಮಾನನ ಮುಖ ನೋಡುತ್ತಾನೆ. ಬಾಗಿಲು ತೆರೆದವರನ್ನು ಒಪ್ಪಿಸದೆ ಬಿಡುವವನಲ್ಲ, ಆದರೆ ಈಗ ಬಾಗಿಲು ತೆರೆಯುವವರು ಯಾರು? ಎಲ್ಲರ ಡೋರ್‌ಬೆಲ್‌ಗೂ ಕ್ಯಾಮೆರಾ. ನಾನೇ ಸೋಫಾದಲ್ಲಿ ಕೂತು, ಫೋನಿನಲ್ಲಿ ಅವನ ಮುಖ ನೋಡುತ್ತ, "ಮನೇಲಿಲ್ಲ ಕಣ್ರೀ, ಡೆವನ್ ಅವೆನ್ಯೂನ ಇಂಡಿಯನ್ ಅಂಗಡೀಲಿದೀನಿ" ಎಂದವನು. ಹಾಗಾಗಿ ಅವನು ಕ್ಯಾಮೆರಾವನ್ನೇ ಒಲಿಸಿಕೊಳ್ಳಲು ಹೊರಟ. ದಿನಾ ಸಂಜೆ ತಾಲೀಮಿಗೆಂದು ತನ್ನದೇ ಮನೆಯ ಬೆಲ್ ಒತ್ತಿ, ನಿಂತಲ್ಲಿ ನಿಲ್ಲಲಾರದೆ, ನಗೆ ತಿದ್ದಿಕೊಳ್ಳುತ್ತ ಭಾಷಣ ಶುರುಮಾಡುತ್ತಾನೆ. ಒಳಗಿನಿಂದ ಹೆಂಡತಿ ವಾಣಿಶ್ರೀ, "ಬ್ಯಾಡ್ರೀ, ಮುಂದಿನ ಮನಿಗೆ ಹೋಗ್ರಿ" ಎಂದು ದಯೆಯಿಲ್ಲದೆ ಅಟ್ಟುತ್ತಾಳೆ. ಭಾಷಣ ತಿದ್ದಿಕೊಂಡು ಮತ್ತೆ ಒತ್ತುತ್ತಾನೆ. ಈ ತಿಂಗಳು ಒಂದು ಮನೆಗಾದರೂ ಮಾರದಿದ್ದರೆ ಅವನ ಕೆಲಸವೇ ಹೋಗುತ್ತದಂತೆ. ನಿನ್ನೆ ಸಂಜೆ ಮಾತ್ರ ಅವನು ಬೆಲ್ ಒತ್ತಿ, ಏನೂ ಹೇಳದೆ ತಲೆ ತಗ್ಗಿಸಿ ನಿಂತುಬಿಟ್ಟದ್ದು ನಮ್ಮ ಕಿಟಕಿಗೆ ಕಂಡಿತು. ಅಟ್ಟುವ ದನಿಯೂ ಬರಲಿಲ್ಲ. ಬಾಗಿಲೇ ತೆರೆಯಿತು. "ಏನ್ ಮಾರಾಕ್ ಬಂದೀರಿ? ಒಳಗ ಬರ್ರಿ, ಚಾ ಕುಡಕೋತ ಕೇಳ್ತೀನಿ" ಎಂದಳು ವಾಣಿಶ್ರೀ. ಒಳಗೆ ಕಾಲಿಡುವ ಮುನ್ನ ಅವನು ಅಭ್ಯಾಸಬಲದಿಂದ ತಿರುಗಿ ನಮ್ಮ ಚಾವಣಿ ನೋಡಿದ. ಈ ಸಲ ನಾನು ಪರದೆ ಎಳೆದು ಮರೆಯಾಗಲಿಲ್ಲ.