ಕಟಕ್ಕೆನ್ನಬೇಕಿದ್ದ ಬೀಜ

ಬೀಜದಕ್ಕ ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಣಗಿಸಿದವಳು. ಯಾವ ಮಡಿಕೆಯಲ್ಲಿ ತೇವ ಅಡಗಿದೆಯೆಂದು ಅವಳ ಮೂಗಿಗೇ ಗೊತ್ತಾಗುತ್ತಿತ್ತು. ಅಂಥವಳ ಹಿತ್ತಲ ಶೆಡ್ಡಿನಲ್ಲೇ ತೇವ ಠಿಕಾಣಿ ಹೂಡಿದರೆ ಮೈ ಉರಿಯದೆ ಇನ್ನೇನು!

ಶೆಡ್ಡಿನಲ್ಲಿದ್ದದ್ದು ಅವಳಮ್ಮ ನಲವತ್ತು ವರ್ಷ ಕಾಪಾಡಿಕೊಂಡು ಬಂದ ನೇರಳೆ ಬೀನ್ಸಿನ ಬೀಜ. ಆ ತಳಿ ಬೇರೆಲ್ಲೂ ಸಿಗದು. ಹೋದ ಮಳೆಗಾಲದಲ್ಲಿ ಎರಡು ಚೀಲ ಬೂಷ್ಟು ಹಿಡಿದು ಹಾಳಾಗಿ, ಉಳಿದದ್ದು ಒಂದೇ ಒಂದು. ಅದರಿಂದ ಒಂದು ಬೀಜ ತೆಗೆದು ಕಚ್ಚಿದಳು. ಒಣ ಬೀಜ ಕಟಕ್ಕೆನ್ನಬೇಕು. ಇದು ಸದ್ದಿಲ್ಲದೆ ಹಲ್ಲಿನ ಗುರುತು ಹಿಡಿಯಿತು. ಇದಕ್ಕೂ ತೇವ ತಗುಲಿತ್ತು.

ಗಾರೆ ಕೆಲಸದ ಮೈದುನ ಆಗಲೇ ಮೂರು ಸಲ ಚಾವಣಿಗೆ ಟಾರು ಬಳಿದಿದ್ದ.

"ನೀರು ಮೇಲಿಂದ್ಲೇ ಬರೋದು ಅತ್ತಿಗೆ. ಇಪ್ಪತ್ತು ವರ್ಷದ ಸರ್ವೀಸು ನಂದು."

"ನಿನ್ನ ಸರ್ವೀಸಿಗೆ ಈ ನೆಲ ಹೆದರ್ತಾ ಇಲ್ವಲ್ಲಪ್ಪ!"

ಅವಳು ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ಅಂಚಿಗೆಲ್ಲ ಟೇಪು ಅಂಟಿಸಿ ಎರಡು ದಿನ ಬಿಟ್ಟಳು. ಬಿಚ್ಚಿ ನೋಡಿದರೆ ಹಾಳೆಯ ಮೇಲ್ಮೈ ಒಣ ಒಣ, ಅಡಿಯಲ್ಲಿ ಹನಿಯೋ ಹನಿ. ನೀರು ಬರುತ್ತಿದ್ದದ್ದು ನೆಲದೊಳಗಿನಿಂದ! ಮೈದುನನ ಮುಖ ಹುಳ್ಳಗಾಯಿತು. ಆದರೂ ಮರುದಿನ ಪಿಕಾಸಿ ಹಿಡಿದು ಮೊದಲು ಬಂದವನು ಅವನೇ. ಅದು ಅವನ ದೊಡ್ಡ ಗುಣ.

ಬೀಜವನ್ನು ಮಂಚದ ಮೇಲೆ ಹರವಿ, ಬೀಜದಕ್ಕ ವಾರವಿಡೀ ಕೆಳಗೆ ಮಲಗಿದಳು. ಇತ್ತ ಹಳೆಯ ನೆಲ ಅಗೆದು, ಜಲ್ಲಿ ಹರವಿ, ಮರಳು ಸುರಿದು ಬಡಿದು ದಮ್ಮಸ್ಸು ಮಾಡಿದ್ದಾಯಿತು. ಅದರ ಮೇಲೆ ಎಲ್ಲೂ ಜೋಡಣೆಯಿಲ್ಲದ ಒಂದೇ ದಪ್ಪ ಪ್ಲಾಸ್ಟಿಕ್ ಹಾಳೆ, ಸುತ್ತ ಗೋಡೆಗೂ ಗೇಣುದ್ದ ಹತ್ತಿಸಿದ್ದು. ಕಾಂಕ್ರೀಟಿನ ಬಾಂಡ್ಲಿ ಹೊತ್ತು ಮೈದುನ ಅದರ ಮೇಲೆ ಕಾಲಿಡಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಮೊಳೆ ಹೊಡೆದ ಬೂಟು ಬಿಡು. ಒಂದು ತೂತು ಬಿತ್ತೋ, ಮಾಡಿದ್ದೆಲ್ಲ ಮಣ್ಣುಪಾಲು!"

ಪಾಪ, ಅವನು ಅವಳ ಲಾಂಡ್ರಿಯ ಹಳೇ ರಬ್ಬರ್ ಬೂಟಿನಲ್ಲಿ ಬೆರಳು ಮಡಿಚಿಕೊಂಡು ಸಂಜೆಯವರೆಗೆ ಕುಂಟುತ್ತ ಕಾಂಕ್ರೀಟು ಹಾಕಿದ.

ಆ ವರ್ಷದ ಮಳೆ ಹನ್ನೊಂದು ದಿನ ಬಿಡದೆ ಹೊಯ್ದಿತು. ಹಿತ್ತಲೆಲ್ಲ ಕೆಸರು. ಹನ್ನೆರಡನೆಯ ದಿನ ಬೀಜದಕ್ಕ ಶೆಡ್ಡಿನ ಬಾಗಿಲು ತೆಗೆದು, ಅಂಗೈಯನ್ನು ನೆಲಕ್ಕೆ ಒತ್ತಿದಳು. ತೇವದ ಸುಳಿವೂ ಇಲ್ಲ. ಚೀಲದಿಂದ ಬೀಜ ತೆಗೆದು ಹಲ್ಲಿಗಿಟ್ಟಳು. ಹೊಸಿಲಾಚೆ ಮೈದುನ ಕಿವಿಗೊಟ್ಟು ನಿಂತಿದ್ದ.

ಕಟಕ್!

"ಗೆದ್ಬಿಟ್ರಿ ಅತ್ತಿಗೆ!"

"ಗೆದ್ವಿ ಅನ್ನು" ಎಂದಳು. ಖುಷಿಗೆ ಕಣ್ಣು ತುಂಬಿ ಬಂದಿತ್ತು. ಅವನ ಬೊಗಸೆಗೆ ಬೀಜ ಸುರಿದಳು. "ಇನ್ಮೇಲೆ ಇದು ನಿಮ್ಮನೇಲೂ ಇರ್ಲಿ."

ಅವನು ತುಂಬಿದ ಬೊಗಸೆಯನ್ನೇ ನೋಡಿಕೊಂಡ. "ನಮ್ಮ ಶೆಡ್ಡಿನ ನೆಲಾನೂ ತೇವಾನೇ ಅತ್ತಿಗೆ..."

"ಹಾಗಾದ್ರೆ ಪಿಕಾಸಿ ತಗೋ, ನಡಿ" ಎಂದು ಬೀಜದಕ್ಕ ತಾನೇ ರಬ್ಬರ್ ಬೂಟು ಮೆಟ್ಟಿಕೊಂಡಳು.