ಗಾಡಿ ಬಿಡಿಸಿದ ಗುಳಿಗೆ

ಸವದತ್ತಿಯಿಂದ ಧಾರವಾಡಕ್ಕೆ ಕ್ರೂಸರ್ ಓಡಿಸುತ್ತಿದ್ದ ನಾನು ಎಷ್ಟೋ ಜನರನ್ನು ಅಲ್ಲಿನ ಮಾನಸಿಕ ಆಸ್ಪತ್ರೆಗೆ ಮುಟ್ಟಿಸಿದ್ದೆ. ಅವರು ಒಳಗೆ ಹೋದರೆ ನಾನು ಗೇಟಿನಾಚೆ ಚಹಾ ಕುಡಿಯುತ್ತ ಕಾಯುತ್ತಿದ್ದೆ. ಕಳೆದ ವರ್ಷ ನನಗೇ ಸ್ಟೇರಿಂಗ್ ಹಿಡಿದರೆ ಎದೆ ಬಡಿದುಕೊಂಡು ಉಸಿರು ಕಟ್ಟತೊಡಗಿತು. ಹೃದಯಕ್ಕೇನೂ ಆಗಿಲ್ಲ, ಮನೋವೈದ್ಯರಿಗೆ ತೋರಿಸು ಎಂದರು ಬೈಲಹೊಂಗಲದ ಡಾಕ್ಟರು. ಖಾಸಗಿಯವರ ಫೀ ನನ್ನ ಕೈಗೆಟುಕುವಂತಿರಲಿಲ್ಲ. ಬಸ್ಸು ಹತ್ತಿ ಧಾರವಾಡದ ಅದೇ ಸರ್ಕಾರಿ ಆಸ್ಪತ್ರೆಗೆ ಹೋದೆ.

ಹಿಂದೊಮ್ಮೆ ನನ್ನ ಗಾಡಿಯಲ್ಲಿ ಬಂದಿದ್ದ ಅಜ್ಜಿಯೊಬ್ಬಳು ಅಲ್ಲಿ ಗುರುತು ಹಿಡಿದು, "ಯಾರನ್ನ ಕರ್ಕೊಂಡ ಬಂದೀಯೋ ತಮ್ಮಾ?" ಎಂದು ಕೇಳಿದಳು.

"ನಾನ ತೋರಿಸ್ಕೊಳ್ಳಾಕ ಬಂದೇನಬೇ," ಎಂದೆ. ಅವಳು ಸರಿದು ಬೆಂಚಿನ ಮೇಲೆ ಜಾಗ ಕೊಟ್ಟಳು.

ಇದು ಆತಂಕದ ಕಾಯಿಲೆ, ವಾಸಿಯಾಗುತ್ತದೆ ಎಂದ ಡಾಕ್ಟರಮ್ಮ ಗುಳಿಗೆ ಬರೆದರು. "ನಿದ್ದಿ ಬರತೈತಿ. ನಾ ಹೇಳೂತನಕ ಗಾಡಿ ಹೊಡೀಬ್ಯಾಡ್ರಿ."

"ಗಾಡಿ ನಿಂತ್ರ ಮನಿ ನಡಿಯೂದಿಲ್ರಿ, ಮೇಡಮ್ಮರ."

"ದಾರ್ಯಾಗ ಉಸಿರ ಕಟ್ಟಿದ್ರ ಹಿಂದ ಕುಂತವ್ರ ಗತಿ ಏನ್ರಿ?"

ಗುಳಿಗೆ ಚೀಟಿ ಜೇಬಿಗಿಟ್ಟು ಬಸ್ಸು ಹತ್ತಿದೆ. ಮನೆಗೆ ಬಂದು ಕೀಲಿಯನ್ನು ಹೆಂಡತಿಯ ಕೈಯಲ್ಲಿಟ್ಟೆ. ಈಗ ಅವಳ ತಮ್ಮ ಗಾಡಿ ಓಡಿಸುತ್ತಾನೆ, ಗಳಿಕೆಯಲ್ಲಿ ಅರ್ಧ ಅವನದು. ಎದೆಬಡಿತ ಕಡಿಮೆಯಾಗಿದೆ. ಆದರೂ ಮನೆ ಹತ್ತಿರದ ಸ್ಟ್ಯಾಂಡಿನಲ್ಲಿ "ಧಾರವಾಡ, ಧಾರವಾಡ" ಎಂದು ಕೂಗುವುದು ಕೇಳಿದರೆ ಎದ್ದು ಬಾಗಿಲವರೆಗೆ ಹೋಗಿ ನಿಲ್ಲುತ್ತೇನೆ.